ಮಣ್ಣು ಮೇಯ್ದ ಕುರಿಗಳು

ಷಣ್ಮುಖಪ್ಪನವರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಕರೆಕಲ್ಲಹಟ್ಟಿಯ ಮೇಲೆ ನಡೆದ ಹೇಸಿಗೆ ಕೆಲಸದಲ್ಲಿ ಕೈ ಎತ್ತಿದವರು ಯಾರೂ ಇಲ್ಲ, ಬಾಯಿ ಮಾಡಿದವರೂ ಕಡಿಮೆ. ಎಲ್ಲರೂ ನಕ್ಕು ಮಾತಾಡಿಸಿದವರೇ. ಹಟ್ಟಿಯ ಮಜ್ಜಿಗೆ ಕುಡಿದು, ಚೆನ್ನಾಗಿದೆ ಕಣಮ್ಮ ಎಂದು ಮೀಸೆ ಒರೆಸಿಕೊಂಡವರೇ. ಒದ್ದು ಕಿತ್ತುಕೊಳ್ಳುವ ಕಾಲ ಹೋಗಿ ಸವರಿ ಕಿತ್ತುಕೊಳ್ಳುವ ಕಾಲ ಬಂದಿತ್ತು.

ಎಂಬತ್ತನಾಲ್ಕರ ಮಳೆಗಾಲದಲ್ಲಿ ಅವರ ಜೀಪು ಜಗಳೂರು ಸೀಮೆಯ ಆ ಕುರುಬರ ಹಟ್ಟಿಗೆ ಬಂದು ನಿಂತಿತು. ಷಣ್ಮುಖಪ್ಪನವರ ಊರು ಚನ್ನಗಿರಿ, ಮನೆತನ ಅಡಿಕೆ ವ್ಯಾಪಾರದ್ದು, ಓದು ಸಸ್ಯಶಾಸ್ತ್ರದ ಡಾಕ್ಟರೇಟು. ಅವರ ಕೈಲಿ ಒಂದು ಸರ್ಕಾರಿ ಯೋಜನೆಯಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳನ್ನೆಲ್ಲ ಚದುರಂಗದ ಮನೆಗಳಂತೆ ಚೌಕ ಚೌಕವಾಗಿ ಕೊಯ್ದು, ಯಾವ ಚೌಕದಲ್ಲಿ ಯಾವ ತಿಂಗಳು ಏನು ಚಿಗುರುತ್ತದೆ, ಯಾವಾಗ ಹೂ, ಯಾವಾಗ ಕಾಯಿ, ಯಾವಾಗ ಒಣಗಿ ಉದುರುತ್ತದೆ ಎಂದು ಗುರುತು ಮಾಡಬೇಕು. ಅದನ್ನೆಲ್ಲ ಬೆಂಗಳೂರಿನ ಕಂಪ್ಯೂಟರಿಗೆ ಉಣಿಸಿದರೆ ಅದು ತಿಂಗಳಿಗೊಂದರಂತೆ ನಕ್ಷೆ ಹೊರಕ್ಕೆ ಹಾಕುತ್ತದೆ. ಆಕಾಶದಿಂದ ತೆಗೆದ ಚಿತ್ರಗಳೂ ಅವರ ಬಳಿ ಇದ್ದವು. ಆದರೆ ಮಳೆಗಾಲದ ಚಿತ್ರಗಳಲ್ಲಿ ಮೋಡ ಬಿಟ್ಟು ಬೇರೇನೂ ಇರಲಿಲ್ಲ. ಮೋಡದ ಕೆಳಗೆ ಏನಿದೆ ಎಂದು ಹೇಳಲು ನೆಲದ ಮೇಲೆ ನಡೆಯುವವರೇ ಬೇಕಾಗಿತ್ತು.

ನಡೆಯುವವರೆಂದರೆ ಕುರಿಯವರು. ಮಳೆ ಹಿಡಿದಾಗಿನಿಂದ ಸಂಕ್ರಾಂತಿಯವರೆಗೆ ಕರೆಕಲ್ಲಹಟ್ಟಿಯ ಮಂದೆ ಹಟ್ಟಿಯ ಹಿಂದಿನ ದೊಡ್ಡಕಾವಲೆಂಬ ಹುಲ್ಲುಗಾವಲಿನಲ್ಲಿ ಮೇಯುತ್ತದೆ. ಸಂಕ್ರಾಂತಿ ಕಳೆದರೆ ಮುದುಕರನ್ನು ಬಿಟ್ಟು ಹಟ್ಟಿಗೆ ಹಟ್ಟಿಯೇ ಕುರಿಯ ಹಿಂದೆ ಹೊರಡುತ್ತದೆ. ಹೊನ್ನಾಳಿಯ ಹೊಳೆಸಾಲು, ಸಾಸ್ವೆಹಳ್ಳಿಯ ಗದ್ದೆಬಯಲು, ಅಲ್ಲಿಂದ ನ್ಯಾಮತಿ, ಆಮೇಲೆ ಚನ್ನಗಿರಿ ಕಡೆಯ ಉಬ್ರಾಣಿ. ಕುಯ್ಲಾದ ಗದ್ದೆಯಲ್ಲಿ, ಖಾಲಿ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ರೋಹಿಣಿ ಮಳೆಯ ಗುಡುಗು ಕೇಳಿದರೆ ತಿರುಗಿ ಜಗಳೂರಿನ ದಾರಿ.

"ನೀವು ನಡೆಯೋ ದಾರಿಯೇ ನನ್ನ ನಕ್ಷೆ ಕಣ್ರಪ್ಪ" ಎಂದರು ಷಣ್ಮುಖಪ್ಪ, ಜೀಪಿನಿಂದ ಇಳಿಯುತ್ತಲೇ.

"ಹಂಗಾದ್ರೆ ನಿಮ್ಮ ಸಂಬಳ ನಮಗೆ ಕೊಡ್ರಿ, ನಮ್ಮ ಕುರಿ ನೀವು ಕಾಯ್ರಿ" ಎಂದಳು ಅಜ್ಜಮ್ಮ.

ಹಟ್ಟಿ ನಕ್ಕಿತು. ಷಣ್ಮುಖಪ್ಪನವರೂ ನಕ್ಕರು. ಅಜ್ಜಮ್ಮನ ಗಂಡ ಬೀರಲಿಂಗಪ್ಪ ಮಾತ್ರ ನಗಲಿಲ್ಲ. ಅವನು ನಗುವುದೇ ಕಡಿಮೆ. ಆ ಹೆಂಡತಿಯ ನಾಲಿಗೆಯನ್ನು ಊರೂರಿಗೆ ಹೊತ್ತು ತಿರುಗಿ ಅವನ ನಗು ಸವೆದುಹೋಗಿತ್ತು.

ಆದರೆ ಅಜ್ಜಮ್ಮನಿಗೆ ಆ ದಿನ ನಗುವಿಗಿಂತ ದೊಡ್ಡದೊಂದು ಕೇಳಬೇಕಾಗಿತ್ತು. ಪಕ್ಕದೂರಿನ ಕಲ್ಲೇಶಪ್ಪ, ಪಂಚಾಯ್ತಿ ಚೇರ್ಮನ್, ದೊಡ್ಡಕಾವಲಿನ ಮೇಲೆ ಕಣ್ಣಿಟ್ಟು ಆಗಲೇ ಎರಡು ವರ್ಷವಾಗಿತ್ತು. ಬೀಳುಭೂಮಿಗೆ ನೀಲಗಿರಿ ಹಾಕಿಸುವ ಸ್ಕೀಮು ಬಂದಿತ್ತು. ಕಟ್ಟಿಗೆ ಮರದ ತಿರುಳಿನಿಂದ ನೂಲು ತೆಗೆಯುವ ಯಾವುದೋ ಮಿಲ್ಲಿಗೆ, ಸಸಿ ಕಲ್ಲೇಶಪ್ಪನ ನರ್ಸರಿಯಿಂದ, ಗುತ್ತಿಗೆ ಕಲ್ಲೇಶಪ್ಪನ ಅಳಿಯನಿಗೆ. ಏನೂ ಬೆಳೆಯದ ನೆಲವಾಗಿದ್ದರೆ ಮಾತ್ರ ಕೊಡಬಹುದು ಎಂಬುದೊಂದೇ ಅಡ್ಡಿ. ಕಾವಲು ಹೋದರೆ ಕುರಿ ಹೋಗುತ್ತವೆ, ಕುರಿ ಹೋದರೆ ಹಟ್ಟಿ ಹೋಗುತ್ತದೆ. ಇದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಾಹೇಬ್ರೆ, ನಿಮ್ಮ ನಕ್ಷೆದಾಗೆ ನಮ್ಮ ಕಾವಲು ಹಸಿರು ಅಂತ ಬರ್ತೈತಾ?"

"ಇದ್ದದ್ದು ಇದ್ದಂಗೆ ಬರುತ್ತಮ್ಮ."

"ಬಂದ್ರೆ ಬೀಳು ಅಂತ ಬರೆಯಾಕೆ ಆಗಾದಿಲ್ಲ?"

"ಹಸಿರಿರೋ ನೆಲನ ಬೀಳು ಅಂತ ಯಾರು ಬರೀತಾರೆ?" ಎಂದು ಷಣ್ಮುಖಪ್ಪ ಕೈ ಅಗಲಿಸಿದರು. "ಸರ್ಕಾರಿ ನಕ್ಷೆ ಅಜ್ಜಮ್ಮ. ಅದಕ್ಕಿಂತ ಸಾಕ್ಷಿ ಬೇಕಾ?"

ಅಜ್ಜಮ್ಮ ಗಂಡನ ಮುಖ ನೋಡಿದಳು. ಬೀರಲಿಂಗಪ್ಪ ಒಳಗೆ ಹೋಗಿ ಕಂಬಳಿ ತಂದು ಹಾಸಿದ.

ಆ ಹಟ್ಟಿಯಲ್ಲಿ ಕಂಬಳಿಗೊಂದು ಕಟ್ಟುಕಟ್ಟಳೆಯಿದೆ. ಕಂಬಳಿಯ ಮೇಲೆ ಕೂರಿಸಿದವನು, ಕೂತವನು ಏನು ಕೇಳಿದರೂ ಹೇಳಬೇಕು. ಅರ್ಧ ಹೇಳಿ ಅರ್ಧ ಮುಚ್ಚಿಡುವಂತಿಲ್ಲ, ಕುಲದೇವರು ಬೀರಪ್ಪ ನೋಡುತ್ತಿರುತ್ತಾನೆ. ಕೂತವನಿಗೂ ಒಂದು ಕಟ್ಟಿದೆ. ಕೇಳಿದ ಮಾತನ್ನು ಹೇಳಿದವನ ಕೇಡಿಗೆ ಬಳಸಬಾರದು. ಮೊದಲನೆಯ ಕಟ್ಟನ್ನು ಅಜ್ಜಮ್ಮ ಸಾಹೇಬರಿಗೆ ತಿಳಿಸಿ ಹೇಳಿದಳು. ಎರಡನೆಯದನ್ನು ಯಾರೂ ಹೇಳಲಿಲ್ಲ. ಅಷ್ಟು ಓದಿದವರಿಗೆ ಗೊತ್ತಿರುತ್ತದೆ ಅಂದುಕೊಂಡರು.

ಷಣ್ಮುಖಪ್ಪನವರು ಕೂತು ಕೇಳಿದರು. ಅಜ್ಜಮ್ಮ ಹೇಳಿದಳು. ಕರಡದ ಹುಲ್ಲು ಮೃಗಶಿರ ಮಳೆಗೆ ಕಣ್ಣು ಬಿಡುತ್ತದೆ, ಪುಷ್ಯಕ್ಕೆ ಮೊಣಕಾಲು ಮುಟ್ಟುತ್ತದೆ, ಚಿತ್ತೆ ಮಳೆ ಹೊತ್ತಿಗೆ ತೆನೆ ಉದುರುತ್ತದೆ. ತಂಗಡಿ ಯಾವಾಗ ಹಳದಿಯಾಗುತ್ತದೆ, ಕಾರೆಕಾಯಿ ಯಾವಾಗ ಹಣ್ಣಾಗುತ್ತದೆ, ಎಲ್ಲವನ್ನೂ ಹೇಳಿದಳು. ಕೊನೆಗೆ ಷಣ್ಮುಖಪ್ಪನವರು ಕೇಳಿದರು:

"ಏನೂ ಇಲ್ಲದ ತಿಂಗಳು ಯಾವುದು?"

"ಶಿವರಾತ್ರಿ ಕಳೀತಂದ್ರೆ ಹೋಳಿಗಂಟ, ಯುಗಾದಿಗಂಟ, ಏನೂ ಕಾಣಾದಿಲ್ರಿ. ಬೇರೆಲ್ಲ ಒಳಗೆ ಮಲಗಿರ್ತಾವೆ. ಮ್ಯಾಲೆ ಬರೇ ನೆಲ."

"ಆಗ ಹಟ್ಟೀಲಿ ಯಾರಿರ್ತೀರಿ?"

"ಯಾರಿರ್ತಾರೆ? ಕಣ್ಣು ಕಾಣದ ಮುದುಕ್ರು ಇರ್ತಾರೆ."

ಕಂಬಳಿಯ ಮೇಲಿನ ಮಾತು. ಮುಚ್ಚಿಡುವಂತಿರಲಿಲ್ಲ.

ಒಂದು ವರ್ಷ ಆ ಜೀಪು ಕುರಿಗಳ ಹಿಂದೆ ತಿರುಗಿತು. ಸಾಸ್ವೆಹಳ್ಳಿಯ ಗದ್ದೆಯಲ್ಲಿ ಒಮ್ಮೆ, ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಒಮ್ಮೆ, ಉಬ್ರಾಣಿಯ ಕೆರೆ ಹಿಂದೆ ಒಮ್ಮೆ. ಎಲ್ಲೇ ಸಿಕ್ಕರೂ ಅಜ್ಜಮ್ಮ ಕಂಬಳಿ ಹಾಸುತ್ತಿದ್ದಳು. ಷಣ್ಮುಖಪ್ಪನವರು ಮುರುಕು, ಬಾಳೆಹಣ್ಣು ತರುತ್ತಿದ್ದರು. ಸಾಹೇಬರಿಗೆ ಕುರಿ ಹಾಲಿನ ರುಚಿ ಹತ್ತಿತು. ಅಜ್ಜಮ್ಮನಿಗೆ ನಂಬಿಕೆಯ ರುಚಿ ಹತ್ತಿತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಆಮೇಲೆ ಗೊತ್ತಾಯಿತು.

ಎಂಬತ್ತೈದರ ದೀಪಾವಳಿ ಹೊತ್ತಿಗೆ ನಕ್ಷೆ ಬಂತು. ಷಣ್ಮುಖಪ್ಪನವರು ಅದನ್ನು ತಾವೇ ಹಟ್ಟಿಗೆ ತಂದರು. ಅಂಚಿನಲ್ಲಿ ತೂತು ತೂತಿರುವ ಅಗಲವಾದ ಕಾಗದ. ಗೆರೆಯಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ದಟ್ಟವಾಗಿ ಬೆಳೆದಿರುವ ಚೌಕದಲ್ಲಿ ಯಂತ್ರ ಅಕ್ಷರದ ಮೇಲೆ ಅಕ್ಷರ ಹೊಡೆದು ಕಪ್ಪು ಮಾಡಿತ್ತು. ಏನೂ ಇಲ್ಲದ ಚೌಕದಲ್ಲಿ ಒಂದು ಚುಕ್ಕಿ. ಆಶ್ಲೇಷ ಮಳೆಯ ತಿಂಗಳ ಹಾಳೆ ಬಿಡಿಸಿ ಅವರು ಬೆರಳಿಟ್ಟು ತೋರಿಸಿದರು.

"ಇದೇ ನಿನ್ನ ಕಾವಲು."

ಕಾವಲು ಕಾಡಿಗೆಯಂತೆ ಕಪ್ಪಗಿತ್ತು. ಹೊನ್ನಾಳಿಯ ಹೊಳೆಸಾಲಿಗಿಂತ ಒಂದು ಕೈ ಮೇಲಾಗಿಯೇ ಕಪ್ಪಗಿತ್ತು. ಅಜ್ಜಮ್ಮ ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನ ತಂದು ಆ ಚೌಕದ ಮೇಲೆ ಹಚ್ಚಿದಳು. "ಅಯ್ಯೋ, ಕಾಗದ ಕೆಟ್ಟೋಗುತ್ತಮ್ಮ" ಎಂದು ಷಣ್ಮುಖಪ್ಪನವರು ಹಾಳೆ ಎಳೆದುಕೊಂಡರೂ ಅವರ ಕಣ್ಣಲ್ಲೂ ನೀರಿತ್ತು. ನಿಜವಾದ ನೀರೇ. ಒಳ್ಳೆಯವರ ಕಣ್ಣೀರಿಗೆ ಯಾವತ್ತೂ ಕೊರತೆಯಿಲ್ಲ.

ನಕ್ಷೆಯಲ್ಲಿ ಸುಳ್ಳಿರಲಿಲ್ಲ. ಅದೇ ಕಲ್ಲೇಶಪ್ಪನಿಗೆ ಅನುಕೂಲವಾಯಿತು. ಪ್ರವಾಸಿ ಮಂದಿರದಲ್ಲಿ ಷಣ್ಮುಖಪ್ಪನವರಿಗೆ ಒಂದು ಸನ್ಮಾನ ಇಟ್ಟುಕೊಂಡು, ಶಾಲು ಹೊದಿಸಿ, ಉಪ್ಪಿಟ್ಟು ತಿನ್ನಿಸಿ, ಕೈ ತೊಳೆಯುವಾಗ ಅವನು ಕೇಳಿದ:

"ಸಾರ್, ಇದರಾಗೆ ಚುಕ್ಕಿ ಬಂದಿರೋ ಹಾಳೆ ಯಾವುದು?"

"ಯಾವ ಚೌಕಕ್ಕೆ?"

"ದೊಡ್ಡಕಾವಲಿಗೆ."

"ಫಾಲ್ಗುಣದ್ದು" ಎಂದರು ಷಣ್ಮುಖಪ್ಪ. ಯಾಕೆ ಎಂದು ಕೇಳಲಿಲ್ಲ. ಕೇಳದೇ ಇರುವುದನ್ನೂ ಒಂದು ವಿದ್ಯೆಯಾಗಿ ಕಲಿಸುವ ಕಾಲೇಜುಗಳಿವೆ. "ಆ ತಿಂಗಳು ಅಲ್ಲಿ ಜನಾನೂ ಇರಲ್ಲ" ಎಂದು, ಕೇಳದಿದ್ದ ಮಾತನ್ನೂ ಅವರೇ ಸೇರಿಸಿದರು. ತಮ್ಮ ಕೆಲಸ ಎಷ್ಟು ಸಮಗ್ರ ಎಂದು ತೋರಿಸುವ ಹುಮ್ಮಸ್ಸು.

ಕಾವಲು ಬೀಳೋ ಅಲ್ಲವೋ ಎಂದು ಕಂದಾಯದವರು ಬಂದು ನೋಡುವ ಸ್ಥಳ ಪರಿಶೀಲನೆಗೆ ಫಾಲ್ಗುಣದ ದಿನವೇ ನಿಗದಿಯಾಯಿತು.

ಹಟ್ಟಿಯ ಮುದುಕನೊಬ್ಬ ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಉಬ್ರಾಣಿಗೆ ಬಂದು ಸುದ್ದಿ ಮುಟ್ಟಿಸಿದ. ಅಜ್ಜಮ್ಮ ಕುರಿಯನ್ನು ಗಂಡನಿಗೆ ಒಪ್ಪಿಸಿ ನೇರ ಚನ್ನಗಿರಿಗೆ, ಷಣ್ಮುಖಪ್ಪನವರ ಮನೆಗೆ ಹೋದಳು. ಅವರ ಹೆಂಡತಿ ಪ್ರೇಮಮ್ಮ ಬಾಗಿಲು ತೆಗೆದು, ಕುರಿವಾಸನೆಗೆ ಸೆರಗು ಮೂಗಿಗೆ ಹೋದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು, "ಹಿತ್ಲಾಗೆ ಬಾರಮ್ಮ, ಅಲ್ಲಿ ತಂಪೈತೆ" ಎಂದಳು. ಹಿತ್ತಿಲಲ್ಲಿ ಬಿಸಿಲಿತ್ತು.

ಷಣ್ಮುಖಪ್ಪನವರು ಪಂಚೆ ಸರಿಮಾಡಿಕೊಳ್ಳುತ್ತ ಬಂದರು.

"ಸಾಹೇಬ್ರೆ, ಏನಿದು?"

"ನಾನೂ ಕೇಳ್ದೆ ಅಜ್ಜಮ್ಮ. ನನಗೂ ಬೇಜಾರಾಯ್ತು."

"ಬೇಜಾರು ನಿಮ್ಮನೇಲಿ ಇಟ್ಕಳ್ರಿ. ಹುಲ್ಲು ಸತ್ತಿರೋ ತಿಂಗಳು ಯಾವುದು ಅಂತ ಅವನಿಗೆ ಹೇಳ್ದೋರು ಯಾರು?"

"ನಕ್ಷೇಲಿದೆಯಲ್ಲಮ್ಮ. ಅದು ಎಲ್ಲರಿಗೂ ಸೇರಿದ ವಿಷಯ."

"ನಮ್ಮನ್ನ ಕೇಳಿ ಬರಕಂಡಿದ್ದು ಎಲ್ಲರಿಗೂ ಸೇರಿದ್ದು. ನಮ್ಮ ಕಾವಲು ಮಾತ್ರ ಕಲ್ಲೇಶಪ್ಪಗೆ ಸೇರಿದ್ದು. ಆಹಾ, ಬಾಳ ಚೆಂದ ಐತೆ ನಿಮ್ಮ ಲೆಕ್ಕ!"

"ನಾನು ಹೇಳೋದು ಯಾವಾಗ ಏನಿರುತ್ತೆ ಅಂತ ಅಷ್ಟೇ. ಯಾವಾಗ ಬಂದು ನೋಡ್ತಾರೆ ಅನ್ನೋದು ರೆವಿನ್ಯೂದವರಿಗೆ ಬಿಟ್ಟಿದ್ದು."

ಅಜ್ಜಮ್ಮ ಅವರನ್ನು ದಿಟ್ಟಿಸಿದಳು. ಇಂಥ ಮಾತನ್ನು ಒಬ್ಬ ಕುರಿ ಕಳ್ಳ ಆಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. "ನಾನು ಬಾಗಿಲು ತೋರಿಸಿದೆ ಅಷ್ಟೇ, ಕದ್ದವನು ಅವನು" ಎಂದಂತಾಯಿತು. ಆದರೆ ಸಾಹೇಬರ ಬಾಯಿಂದ ಅದು ಬಂದಾಗ ಹೊಡೆಯಲು ಕೆನ್ನೆಯೇ ಸಿಗಲಿಲ್ಲ. ಎಲ್ಲಿ ಮುಟ್ಟಿದರೂ ಮೆತ್ತಗೆ.

"ನೀವು ಬರ್ರಿ" ಎಂದಳು. "ಆ ದಿನ ಆಶ್ಲೇಷದ ಹಾಳೆ ಹಿಡ್ಕಂಡು ಬರ್ರಿ. ಎಲ್ರೆದುರಿಗೆ ಬಿಚ್ಚಿ ತೋರಿಸ್ರಿ. ಅಷ್ಟು ಮಾಡ್ರಿ ಸಾಕು."

"ಬರ್ತೀನಿ" ಎಂದರು ಷಣ್ಮುಖಪ್ಪ. ಬಂದರು ಕೂಡ.

ಪರಿಶೀಲನೆಯ ದಿನ ಕಾವಲಿನಲ್ಲಿ ಕಾದ ಹಂಚಿನಂಥ ನೆಲ ಬಿಟ್ಟರೆ ನೆರಳಿಗೆ ಒಂದು ಕಡ್ಡಿಯಿರಲಿಲ್ಲ. ಕಂದಾಯದ ಸಾಹೇಬರು ಟೋಪಿ ಹಾಕಿಕೊಂಡು ಬಂದರು. ಕಲ್ಲೇಶಪ್ಪ ಎಳನೀರು ತರಿಸಿದ್ದ. ಪಂಚರೆಂದು ಸಹಿ ಹಾಕಲು ಬಂದವರೆಲ್ಲ ಅವನ ಜೀತದ ಬಾಯಿಗಳೇ. ಅಜ್ಜಮ್ಮ ಕುಡುಗೋಲಿನ ತುದಿಯಿಂದ ನೆಲ ಕೆದಕಿ ಕರಡದ ಬುಡ ಎತ್ತಿ ಹಿಡಿದಳು.

"ನೋಡ್ರಿ ಸ್ವಾಮಿ. ಬೇರು. ಮುರುದ್ರೆ ಹಸೀಗೈತೆ. ಮಳೆ ಬರ್ಲಿ, ಈ ಸೀಮೆಗೇ ಕಾಣಂಗೆ ಎದ್ದು ನಿಂತ್ಕಂತೈತೆ."

"ಬರಲಿ ಬರಲಿ" ಎಂದರು ಕಂದಾಯದ ಸಾಹೇಬರು, ಎಳನೀರಿನ ಗಂಜಿ ಬೆರಳಲ್ಲಿ ಕೆರೆಯುತ್ತ. "ಬಂದಾಗ ನೋಡೋಣ."

"ಏಯ್ ಅಜ್ಜಮ್ಮ," ಎಂದ ಕಲ್ಲೇಶಪ್ಪ, "ನಿನ್ನ ತಲ್ಯಾಗೂ ಹೇನಿನ ಮೊಟ್ಟೆ ಅದಾವೆ. ಅದಾವೆ ಅಂತ ತಲೀನ ಕುರಿಹಟ್ಟಿ ಅನ್ನಾಕೆ ಬರ್ತೈತಾ?"

ಪಂಚರು ನಕ್ಕರು. ಕಂದಾಯದ ಸಾಹೇಬರೂ ಮೂಗಿನಲ್ಲಿ ನಕ್ಕರು. ಅಜ್ಜಮ್ಮ ಷಣ್ಮುಖಪ್ಪನವರ ಕಡೆ ತಿರುಗಿದಳು. ಅವರ ಕಂಕುಳಲ್ಲಿ ಹಾಳೆಗಳ ಸುರುಳಿ ಇತ್ತು.

"ತೋರಿಸ್ರಿ."

ಷಣ್ಮುಖಪ್ಪನವರು ಗಂಟಲು ಸರಿಮಾಡಿಕೊಂಡರು. "ಸಾರ್, ನಮ್ಮ ಅಧ್ಯಯನದ ಪ್ರಕಾರ ಈ ಚೌಕದಲ್ಲಿ ಋತುಮಾನಕ್ಕೆ ಅನುಸಾರವಾಗಿ..."

"ಡಾಕ್ಟ್ರೆ," ಎಂದರು ಕಂದಾಯದ ಸಾಹೇಬರು, ಬಹಳ ಗೌರವದಿಂದ, "ಈ ಹೊತ್ತು, ಈ ಜಾಗದಲ್ಲಿ, ಬೆಳೆದು ನಿಂತಿರೋದು ಏನಾದ್ರೂ ಇದೆಯಾ? ವಿಜ್ಞಾನಿಗಳು ನೀವು. ಇದೆಯೋ ಇಲ್ವೋ?"

ಷಣ್ಮುಖಪ್ಪನವರು ನೆಲ ನೋಡಿದರು. ಆಕಾಶ ನೋಡಿದರು.

"ಈ ಹೊತ್ತಿಗೆ ಇಲ್ಲ."

"ಬರ್ಕೊಳಪ್ಪ. ಏನೂ ಬೆಳೆಯದ ಭೂಮಿ. ತಜ್ಞರ ಅಭಿಪ್ರಾಯವೂ ಅದೇ. ಡಾಕ್ಟ್ರೆ, ಇಲ್ಲೊಂದು ಸಹಿ."

"ಈ ಹೊತ್ತಿಗೆ" ಎಂಬ ಮಾತು ಬರೆಯುವವನ ಕಿವಿ ತಲುಪುವಷ್ಟರಲ್ಲಿ ಬಿಸಿಲಿಗೆ ಒಣಗಿ ಉದುರಿಹೋಗಿತ್ತು. ಷಣ್ಮುಖಪ್ಪನವರು ಅದು ಬಿಟ್ಟುಹೋದದ್ದನ್ನು ಓದಿದರು. ಓದಿ, ಪೆನ್ನಿನ ಟೋಪಿ ತೆಗೆದು, ಸಹಿ ಹಾಕಿದರು. ಅಕ್ಷರ ಮುತ್ತಿನಂತಿತ್ತು. ಸುರುಳಿಯ ದಾರ ಬಿಚ್ಚಲೇ ಇಲ್ಲ. ಜೀಪು ಹತ್ತುವಾಗ ಅಜ್ಜಮ್ಮನಿಗೆ ಅವರು ಮೆಲ್ಲಗೆ ಹೇಳಿದರು: "ಅಪೀಲು ಹೋಗಬಹುದು ಅಜ್ಜಮ್ಮ. ದಾರಿ ಇದೆ."

"ನೀವು ಹೋಗ್ರಿ ನಿಮ್ಮ ದಾರಿ" ಎಂದಳು ಅವಳು.

ರೋಹಿಣಿಗೆ ಕುರಿಗಳು ತಿರುಗಿ ಬಂದವು. ಮೃಗಶಿರ ಬಿದ್ದಿತು. ಆ ವರ್ಷ ಮಳೆ ಮುನಿಯಲಿಲ್ಲ. ಏನೂ ಬೆಳೆಯದ ಭೂಮಿ ಎಂಬ ಸಹಿಯ ಮಸಿ ಕಡತದಲ್ಲಿ ಹೊಳೆಯುತ್ತಿರುವಾಗಲೇ ದೊಡ್ಡಕಾವಲಿನಲ್ಲಿ ಕರಡ ಎದ್ದಿತು. ಪುಷ್ಯ ಮಳೆಗೆ ಮೊಣಕಾಲು ದಾಟಿತು. ಕುರಿಗಳನ್ನು ಮಾತ್ರ ಒಳಗೆ ಬಿಡುವಂತಿರಲಿಲ್ಲ. ಸುತ್ತ ಕಲ್ಲು ನೆಟ್ಟು ಕಲ್ಲೇಶಪ್ಪನ ಅಳಿಯನ ಆಳುಗಳು ಕಾವಲಿದ್ದರು. ಕುರಿಗಳು ಕಲ್ಲಿನಾಚೆ ನಿಂತು ಅರಚುತ್ತಿದ್ದವು. ನರ್ಸರಿಯಲ್ಲಿ ನೀಲಗಿರಿ ಸಸಿಗಳು ಕರೀ ಚೀಲಗಳಲ್ಲಿ ಸಾಲಾಗಿ ಕಾಯುತ್ತಿದ್ದವು.

ನೆಡಬೇಕೆಂದರೆ ಗುಂಡಿ ತೋಡಬೇಕು. ಗುಂಡಿ ತೋಡಬೇಕೆಂದರೆ ನೆಲ ಕಾಣಬೇಕು. ನೆಲ ಕಾಣುತ್ತಿರಲಿಲ್ಲ.

ಕಲ್ಲೇಶಪ್ಪ ಹಟ್ಟಿಗೆ ಬಂದ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ದೊಡ್ಡ ಉಪಕಾರ ಮಾಡುವವನಂತೆ ಹೇಳಿದ:

"ನಾಳೆಯಿಂದ ಕೆಲಸ ಐತೆ. ಹೆಣ್ಣಾಳು ಗಂಡಾಳು ಎಲ್ಲಾ ಬರ್ರಿ. ಕುಡುಗೋಲು ನೀವೇ ತರ್ರಿ. ಕಾವಲಿನ ಹುಲ್ಲು ಸವರಬೇಕು. ಊರೋರಿಗೆ ಕೂಲಿ ಸಿಗ್ಲಿ ಅಂತ ನಿಮ್ಮನ್ನೇ ಕರೀತಿದೀನಿ."

ತಮ್ಮ ಕಾವಲಿನ ಹುಲ್ಲನ್ನು ತಮ್ಮ ಕುರಿಗಳೆದುರಿಗೇ ಕೊಯ್ದು ಎಸೆಯಲು ತಮ್ಮನ್ನೇ ಕರೆಯುತ್ತಿದ್ದಾನೆ, ಕುಡುಗೋಲೂ ತಮ್ಮದೇ.

"ಯಾವ ಹುಲ್ಲು ಚೇರ್ಮನ್ರೆ?" ಎಂದಳು ಅಜ್ಜಮ್ಮ.

"ಯಾವ ಹುಲ್ಲು ಅಂದ್ರೆ? ಕಾವಲಿನ ಹುಲ್ಲು."

"ಅಲ್ಲೇನೂ ಬೆಳೆಯಲ್ಲ ಅಂತ ಸರ್ಕಾರದೋರು ಬರಕಂಡು ಹೋದ್ರಲ್ಲ. ಇಲ್ಲದ ಹುಲ್ಲನ್ನ ಹೆಂಗೆ ಕೊಯ್ಯಾದು? ನಮಗೆ ಬರಲ್ಲಪ್ಪ ಆ ವಿದ್ಯೆ. ಪಂಚರನ್ನ ಕರ್ಸ್ರಿ. ಅವರು ಇರೋದನ್ನ ಇಲ್ಲ ಅಂತ ಕಂಡೋರು. ಇಲ್ಲದ್ದನ್ನ ಕೊಯ್ಯಾದೂ ಅವರಿಗೇ ಬರ್ತೈತೆ."

ಹಟ್ಟಿ ಗೊಳ್ಳೆಂದಿತು. ಬೀರಲಿಂಗಪ್ಪನಿಗೂ ನಗು ಬಂತು. ಅದನ್ನು ಕಂಡ ಹಟ್ಟಿ ಇನ್ನಷ್ಟು ನಕ್ಕಿತು. ಕಲ್ಲೇಶಪ್ಪ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಎದ್ದ.

"ಬಾಯಿ ಬಾಳ ಆತು ನಿನ್ನದು. ಹೊರಗಿನೋರನ್ನ ಲಾರೀಲಿ ತರಿಸ್ತೀನಿ. ಆಮ್ಯಾಲೆ ನೀವು ಕಣ್ಣು ಕಣ್ಣು ಬಿಡ್ರಿ."

"ತರಿಸ್ರಿ. ಲಾರಿ ಬರಾಕಿಂತ ಮುಂಚೆ ನಾವು ಒಳಗಿರ್ತೀವಿ."

ಮಾರನೆಯ ದಿನ ಬಿಸಿಲು ಏರುವ ಮೊದಲೇ ಹಟ್ಟಿಯ ಕುರಿಗಳೆಲ್ಲ ಒಂದೇ ಮಂದೆಯಾಗಿ ಕಲ್ಲು ದಾಟಿ ಒಳನುಗ್ಗಿದವು. ಕಾಯುವ ಆಳುಗಳು ಕೋಲೆತ್ತಿದರು. ಅಷ್ಟು ಕುರಿಯ ನಡುವೆ ಎತ್ತಿದ ಕೋಲು ಯಾರ ಮೇಲೆ ಬೀಳಬೇಕೆಂದು ಅವರಿಗೇ ತಿಳಿಯಲಿಲ್ಲ. ಕುರಿಗಳು ತಲೆ ತಗ್ಗಿಸಿದವು, ಹುಲ್ಲಿನಲ್ಲಿ ಬರೀ ಬೆನ್ನುಗಳು ತೇಲಿದವು. ಹಸಿದ ಮಂದೆ ಮೇಯುವ ಸದ್ದಿದೆಯಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಹೇಳಿಕೆಯನ್ನು ಯಾವ ಕೋರ್ಟೂ ಕೇಳಿಲ್ಲ.

ಮಧ್ಯಾಹ್ನಕ್ಕೆ ಪೊಲೀಸರು ಬಂದರು. ಅಜ್ಜಮ್ಮನನ್ನೂ ಬೀರಲಿಂಗಪ್ಪನನ್ನೂ ಹಿಡಿದರು. ಕುರಿಗಳನ್ನೂ ಹಿಡಿದರು, ದೊಡ್ಡಿಯಲ್ಲಿ ಜಾಗವಿಲ್ಲದೆ ಠಾಣೆಯ ಅಂಗಳಕ್ಕೇ ತುಂಬಿದರು. ಹೊಟ್ಟೆ ತುಂಬಿದ ಕುರಿಗಳು ಮಾಡುವುದನ್ನೇ ಮಾಡಿದವು. ಸಂಜೆಯಾಗುವಷ್ಟರಲ್ಲಿ ಮೆಟ್ಟಿಲ ಮೇಲೆ, ಜಗುಲಿಯ ಮೇಲೆ, ಸಬ್‌ಇನ್ಸ್‌ಪೆಕ್ಟರ ಮೋಟಾರ್ ಸೈಕಲ್ಲಿನ ಸುತ್ತ, ಎಲ್ಲಿ ನೋಡಿದರೂ ಹಿಕ್ಕೆ.

"ದೂರು ಹೇಳ್ರಿ ಬೇಗ" ಎಂದ ಸಬ್‌ಇನ್ಸ್‌ಪೆಕ್ಟರು ಮೂಗು ಹಿಡಿದುಕೊಂಡು. ಅವನು ಬಯಲುಸೀಮೆಯ ಒಕ್ಕಲು ಮನೆಯವನೇ; ಆದರೆ ಯೂನಿಫಾರ್ಮು ಹಾಕಿದ ಮೇಲೆ ವಾಸನೆ ಜಾಸ್ತಿಯಾಗಿತ್ತು.

"ಕುರಿ ನುಗ್ಗಿಸಿ ಮೇಯಿಸ್ಯಾರೆ ಸಾರ್" ಎಂದ ಕಲ್ಲೇಶಪ್ಪ.

"ಏನು ಮೇಯಿಸಿದ್ರು? ಸಸಿ?"

"ಸಸಿ ಇನ್ನೂ ನೆಟ್ಟಿಲ್ಲ."

"ಮತ್ತೆ? ಹುಲ್ಲಾ?"

"ಹುಲ್ಲೇ ಸ್ವಾಮಿ!" ಎಂದು ಅಜ್ಜಮ್ಮ ಮುಂದೆ ಬಂದಳು. "ಬರಕಳ್ರಿ. ದೊಡ್ಡಕಾವಲಿನ ಹುಲ್ಲು ಮೇಯಿಸಿದ್ದು ನಾನೇ. ಹೊಟ್ಟೆ ಬಿರಿಯಂಗೆ ಮೇಯಿಸೀನಿ. ದೊಡ್ಡಕ್ಷರದಾಗೆ ಬರೀರಿ. ಹೆಬ್ಬೆಟ್ಟು ಕೊಡ್ತೀನಿ."

ಕಲ್ಲೇಶಪ್ಪ ಕೂತಲ್ಲಿಂದ ಎದ್ದ. ಹುಲ್ಲು ಎಂದು ಬರೆಸಿದರೆ ಫಾಲ್ಗುಣದ ಸಹಿಗಳೆಲ್ಲ ಮಾನ ಕಳೆದುಕೊಳ್ಳುತ್ತವೆ. ಅವನು ಸಬ್‌ಇನ್ಸ್‌ಪೆಕ್ಟರನ ಕಿವಿಗೆ ಬಾಯಿಟ್ಟ. ಸ್ವಲ್ಪ ಹೊತ್ತಿನ ಗುಸುಗುಸು. ಸಬ್‌ಇನ್ಸ್‌ಪೆಕ್ಟರು ರೈಟರಿಗೆ ಹೇಳಿದ:

"ಬರ್ಕೋ. ಸದರಿ ಆರೋಪಿಗಳ ಕುರಿಗಳು ಸದರಿ ಜಾಗದಲ್ಲಿ ಅಕ್ರಮವಾಗಿ ನುಗ್ಗಿ... ಮಣ್ಣು ಮೇಯ್ದಿರುತ್ತವೆ."

ರೈಟರು ಪೆನ್ನು ಎತ್ತಿ ನೋಡಿದ. "ಮಣ್ಣಾ ಸಾರ್?"

"ಹೇಳಿದಷ್ಟು ಬರಿ."

ಅವನು ಬರೆದ.

ಅಜ್ಜಮ್ಮ ಅಂಗಳಕ್ಕಿಳಿದಳು. ಬಗ್ಗಿ ಒಂದು ಬೊಗಸೆ ಹಿಕ್ಕೆ ಬಳಿದುಕೊಂಡು ಒಳಗೆ ಬಂದು ಸಬ್‌ಇನ್ಸ್‌ಪೆಕ್ಟರನ ಮೇಜಿನ ಮೇಲೆ, ಆ ಬರಹದ ಪಕ್ಕದಲ್ಲೇ ಸುರಿದಳು. ಇನ್ನೂ ಬೆಚ್ಚಗಿದ್ದವು; ಒಂದೆರಡು ಉರುಳಿ ನೆಲಕ್ಕೆ ಬಿದ್ದವು.

"ಒಡೆದು ನೋಡ್ರಿ. ಇದರಾಗೆ ಮಣ್ಣು ಐತೇನು ನೋಡ್ರಿ."

ಸಬ್‌ಇನ್ಸ್‌ಪೆಕ್ಟರು ಕುರ್ಚಿಸಹಿತ ಹಿಂದೆ ಸರಿದ. ಕಲ್ಲೇಶಪ್ಪ ಒಳ್ಳೆ ಉಪಾಯ ಕಂಡವನಂತೆ, "ಡಾಕ್ಟ್ರು ಇವತ್ತು ಐಬೀಲೇ ಅದಾರೆ. ತಜ್ಞರು. ಅವರೇ ಹೇಳಿಬಿಡ್ಲಿ" ಎಂದ. ಎರಡನೆಯ ವರ್ಷದ ನಕ್ಷೆಗೆಂದು ಷಣ್ಮುಖಪ್ಪನವರು ಅಂದೇ ಬಂದು ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು. ಪೇದೆ ಹೋಗಿ ಕರೆತಂದ. ಅವರು ಹಿಕ್ಕೆ ತುಳಿಯದಂತೆ ಪ್ಯಾಂಟು ಎತ್ತಿ ಹಿಡಿದು, ಮೆಟ್ಟಿಲು ಹತ್ತಿ, ಕರ್ಚೀಫು ಮೂಗಿಗೆ ಒತ್ತಿಕೊಂಡು ಒಳಗೆ ಬಂದರು.

"ಸಾಹೇಬ್ರೆ," ಎಂದಳು ಅಜ್ಜಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಕೊನೆಯದಾಗಿ ಒಮ್ಮೆ ನೋಡಿಬಿಡುವ ದನಿ. "ಇದು ಹುಲ್ಲೋ ಮಣ್ಣೋ?"

ಒಂದು ಹಿಕ್ಕೆ ಒಡೆದುಕೊಂಡು ಬಿದ್ದಿತ್ತು. ಒಳಗೆ ಕರಡದ ಎಳೆಗಳು ಕಡುಹಸಿರಾಗಿ ಕಾಣುತ್ತಿದ್ದವು. ಷಣ್ಮುಖಪ್ಪನವರು ಬಗ್ಗಿ ನೋಡಿದರು. ಅವರಿಗೆ ಕಂಡಿತು. ಕಂಡದ್ದು ಠಾಣೆಯಲ್ಲಿದ್ದ ಎಲ್ಲರಿಗೂ ಕಂಡಿತು. ಅವರು ಕಲ್ಲೇಶಪ್ಪನನ್ನು ನೋಡಿದರು, ಸಬ್‌ಇನ್ಸ್‌ಪೆಕ್ಟರನನ್ನು ನೋಡಿದರು. ಅವರ ಮುಖದ ಮೇಲೆ ಫಾಲ್ಗುಣದ ಸಹಿ ಒಂದು ಸಲ ಬಂದು ಹೋಯಿತು.

"ಬರೀ ಕಣ್ಣಲ್ಲಿ ನೋಡಿ ಹೇಳೋಕೆ ಬರಲ್ಲ" ಎಂದರು. "ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕಾಗುತ್ತೆ."

ರೈಟರು ಕೂಡ ತಲೆ ತಗ್ಗಿಸಿದ. ಅಂಗಳದಲ್ಲಿ ಕುರಿಯೊಂದು ಕೆಮ್ಮಿತು.

ಅಜ್ಜಮ್ಮ ಕೂಗಾಡಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಕೇಳಿದಳು:

"ಪರೀಕ್ಷೆ ಮಾಡಿ ತಿಳಿಸಾಕೆ ಎಷ್ಟು ದಿವಸ ಬೇಕು?"

"ಎರಡು, ಮೂರು ತಿಂಗಳು ಆಗಬಹುದು."

"ಅಲ್ಲೀಗಂಟ ನಮ್ಮ ಕುರಿ ತಿಂದಿದ್ದು ಏನು ಅಂತ ಯಾರಿಗೂ ಗೊತ್ತಿಲ್ಲ?"

"ಹಾಗೆ... ಹೌದು, ಅಧಿಕೃತವಾಗಿ ಗೊತ್ತಿಲ್ಲ."

"ಸ್ವಾಮಿ," ಎಂದು ಅವಳು ಸಬ್‌ಇನ್ಸ್‌ಪೆಕ್ಟರನ ಕಡೆ ತಿರುಗಿದಳು. "ಏನು ತಿಂದಾವೆ ಅಂತ ಗೊತ್ತಿಲ್ಲದೆ ಹೆಂಗೆ ಕಟ್ಟಿ ಹಾಕ್ತೀರಿ? ಅಲ್ಲಿ ಇರಾದು ಹುಲ್ಲೋ ಮಣ್ಣೋ ತೀರ್ಮಾನ ಆಗ್ದಂಗೆ ಇವ್ರು ಏನನ್ನ ಸವರ್ತಾರೆ? ಎಲ್ಲಾ ಬೆಂಗಳೂರಿಂದ ಬರ್ಲಿ. ತಜ್ಞರು ಹೇಳ್ಯಾರೆ. ನಾವು ಕಾಯ್ತೀವಿ."

ಸಬ್‌ಇನ್ಸ್‌ಪೆಕ್ಟರು ಅಂಗಳ ನೋಡಿದ. ಮೂರು ತಿಂಗಳು ಈ ಹಿಕ್ಕೆ, ಈ ಅರಚಾಟ, ಈ ನೊಣ. ಅವನ ತುಟಿ ಒಂದು ಕಡೆ ಎಳೆಯಿತು. "ಅವಳು ಹೇಳೋದು ಕಾನೂನೇ ಐತೆ ಚೇರ್ಮನ್ರೆ. ತಜ್ಞರ ರಿಪೋರ್ಟು ಬರೋಗಂಟ ಯಾರೂ ಏನೂ ಮುಟ್ಟಬ್ಯಾಡ್ರಿ. ಏಯ್, ಹೊಡ್ಕಂಡು ಹೋಗ್ರಿ ನಿಮ್ಮ ಕುರಿನ. ಮೊದ್ಲು ಹೋಗ್ರಿ."

ಕಲ್ಲೇಶಪ್ಪ ಬೆರಳು ಮಡಚತೊಡಗಿದ. ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ, ಉತ್ತರೆ. ಬೆರಳು ನಿಂತಿತು.

"ಮೂರು ತಿಂಗಳು ಅಂದ್ರೆ ಮಳೆಗಾಲನೇ ಮುಗೀತಲ್ಲ ಡಾಕ್ಟ್ರೆ! ಸಸಿ ಯಾವಾಗ ನೆಡಾದು? ಚೀಲದಾಗೆ ಬೇರು ಸುತ್ಕಂಡು ಸಾಯ್ತಾವಲ್ರೀ!"

ಷಣ್ಮುಖಪ್ಪನವರಿಗೂ ಅದು ಆಗಲೇ ಹೊಳೆಯಿತು. ಯಾವ ತಿಂಗಳು ಏನು ಚಿಗುರುತ್ತದೆ, ಏನು ಸಾಯುತ್ತದೆ ಎಂದು ನಾಲ್ಕು ಸೀಮೆಯ ನಕ್ಷೆ ಬರೆದವರು ಅವರು. "ಆಗಬಹುದು ಅಂದೆ ಅಷ್ಟೇ... ಬೇಗ ಬಂದರೂ ಬರಬಹುದು..." ಎಂದರು. ಅವರ ಮಾತನ್ನು ಆ ಹೊತ್ತು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅಜ್ಜಮ್ಮನ ಕೊಳಕಾದ ಕೈಗೆ ತಮ್ಮ ಕರ್ಚೀಫು ಚಾಚಿದರು.

"ತಗೋ, ಕೈ ಒರೆಸ್ಕೋ."

"ಬ್ಯಾಡ್ರಿ" ಎಂದಳು ಅಜ್ಜಮ್ಮ. "ಇದು ಹೇಸಿಗೆ ಅಲ್ಲ."

ಗಂಡ ಹೆಂಡತಿ ಕುರಿಗಳನ್ನು ಹೊಡೆದುಕೊಂಡು ಹಟ್ಟಿಯ ದಾರಿ ಹಿಡಿದರು. ತೆಳ್ಳಗೆ ಜಡಿಮಳೆ ಹಿಡಿದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಜ್ಜಮ್ಮ ಉಗುಳಿದಳು. ಇನ್ನು ಸ್ವಲ್ಪ ದೂರಕ್ಕೆ ಮತ್ತೆ ಉಗುಳಿದಳು.

"ಎಲಡಿಕೆ ಹಾಕ್ಕಂಡಿಲ್ಲ, ಏನಿಲ್ಲ. ಏನು ಉಗುಳ್ತೀಯೆ?" ಎಂದ ಬೀರಲಿಂಗಪ್ಪ. "ಗೆದ್ದೀವಲ್ಲ."

"ಮೂರು ತಿಂಗಳು ಗೆದ್ದೀವಿ. ಆಮ್ಯಾಲೆ ಅದೇ ನಕ್ಷೆ ಸಾಹೇಬ ಮತ್ತೊಂದು ಸಹಿ ಹಾಕ್ತಾನೆ, ನಗ್ತಾ ನಗ್ತಾ."

"ಆವಾಗ ನೋಡಾನ."

"ನೋಡಾದೇನೈತೆ? ಮತ್ತೆ ನುಗ್ಗಿಸಾದು."

ಅವಳು ಇನ್ನೊಮ್ಮೆ ಉಗುಳಿ, ಹಿಂದುಳಿದಿದ್ದ ಮರಿಯೊಂದನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. ಕಾವಲಿನ ಅಂಚು ಬಂದಾಗ ಕುರಿಗಳು ಯಾರ ಅಪ್ಪಣೆಗೂ ಕಾಯದೆ ಕಲ್ಲು ದಾಟಿದವು.